ಅಪ್‌ಡೇಟ್: ಆರ್ಡರ್‌ಗಳು ದಾರಿ ತಪ್ಪುತ್ತಿದ್ದುದು ನನ್ನದೇ ಲಾಗ್‌ನಿಂದ

ಮೊನ್ನೆ ಕೇಳಿದ್ದೆನಲ್ಲ, ಅಪಾಚೆ ಕ್ಯಾಮೆಲ್ (ಸಿಸ್ಟಮ್‌ಗಳ ನಡುವೆ ಮೆಸೇಜ್ ಸಾಗಿಸುವ ಜಾವಾ ಟೂಲ್) 3.14ರಲ್ಲಿ ಮೆಸೇಜ್‌ನ ಬಾಡಿಯಲ್ಲಿ, ಅಂದರೆ ಒಳಗಿನ ವಿಷಯದಲ್ಲಿ, ‘ಅರ್ಜೆಂಟ್’ ಅಂತ ಇದ್ದರೂ ದಾರಿ ಆರಿಸುವ ಚಾಯ್ಸ್‌ನ ವೆನ್ ಕಂಡಿಷನ್ ಹಿಡಿಯುತ್ತಿಲ್ಲ, ಆರ್ಡರ್‌ಗಳೆಲ್ಲ ಯಾವ ಕಂಡಿಷನ್ನೂ ಹೊಂದದಿದ್ದಾಗಿನ ಅದರ್‌ವೈಸ್‌ಗೇ ಹೋಗಿ ಬೀಳುತ್ತಿವೆ ಅಂತ? ಕಾರಣ ಸಿಕ್ಕಿತು.

ವೆನ್‌ನಲ್ಲಿ ತಪ್ಪೇ ಇರಲಿಲ್ಲ. ಅದರ ಮೇಲಿನ ಸಾಲಲ್ಲಿ, ಸುಮ್ನೆ ಇರಲಿ ಅಂತ ನಾನೇ ಹಾಕಿದ್ದ, ಮೆಸೇಜ್ ಪ್ರಿಂಟ್ ಮಾಡುವ ಲಾಗ್ ಇತ್ತು. ಅದಕ್ಕೂ ಮುಂಚಿನ ನಮ್ಮ ಬೀನ್ (ನಾವೇ ಬರೆದ ಜಾವಾ ಕೋಡ್) ಸ್ಟ್ರಿಂಗ್, ಅಂದರೆ ಸಾದಾ ಪಠ್ಯ, ಕೊಡುತ್ತಿರಲಿಲ್ಲ, ಇನ್‌ಪುಟ್‌ಸ್ಟ್ರೀಮ್ (ಹರಿದು ಬರುವ ಡೇಟಾ) ಕೊಡುತ್ತಿತ್ತು. ಸ್ಟ್ರೀಮ್ ಒಮ್ಮೆ ಓದಿದರೆ ಮುಗೀತು. ಲಾಗ್ ಪೂರ್ತಿ ಓದಿ ಚೆಂದವಾಗಿ ಪ್ರಿಂಟ್ ಮಾಡುತ್ತಿತ್ತು. ವೆನ್ ಕರೆಯುವ ಮೆಥಡ್‌ಗೆ ಉಳಿದದ್ದು ಖಾಲಿ ಸ್ಟ್ರಿಂಗ್. ಆರ್ಡರ್ ಕಣ್ಣೆದುರೇ ಕಾಣುತ್ತಿತ್ತಲ್ವಾ, ಹಾಗಾಗಿ ಎರಡು ದಿನ ಬರೀ ಕಂಡಿಷನ್ನನ್ನೇ ತಿದ್ದುತ್ತಾ ಕೂತಿದ್ದೆ!

‘ಲಾಗ್ ತೆಗೆದು ನೋಡಿ’ ಅಂದವರಿಗೆ ದೊಡ್ಡ ಥ್ಯಾಂಕ್ಸ್. ತೆಗೆದ ಕೂಡಲೇ ಮೆಸೇಜ್ ಸರಿಯಾದ ಕ್ಯೂಗೆ ಹೋಯಿತು.

ಈಗ ಬೀನ್ ಆದಮೇಲೆ ಕನ್ವರ್ಟ್‌ಬಾಡಿಟು ಹಾಕಿ ಸ್ಟ್ರಿಂಗ್ ಮಾಡಿಕೊಂಡಿದ್ದೇನೆ. ನಮ್ಮ ಆರ್ಡರ್‌ಗಳು ಚಿಕ್ಕವು, ನಡೆಯುತ್ತದೆ. ದೊಡ್ಡ ಫೈಲ್ ಆದರೆ ಎಲ್ಲವೂ ಮೆಮೊರಿಗೆ ಬರುತ್ತದೆ, ಅಲ್ಲಿ ಸ್ಟ್ರೀಮ್ ಕ್ಯಾಶಿಂಗ್ (ಸ್ಟ್ರೀಮನ್ನು ಮತ್ತೆ ಓದಲು ಆಗುವಂತೆ ಉಳಿಸಿಡುವುದು) ಆನ್ ಮಾಡುವುದೇ ವಾಸಿ. 3.17ರಿಂದ ಅದು ತಾನಾಗೇ ಆನ್ ಇರುತ್ತದಂತೆ. ಅಪ್‌ಗ್ರೇಡ್ ಮಾತು ಟೀಮಿನಲ್ಲಿ ಇನ್ನೂ ಮುಗಿದಿಲ್ಲ.