ಓದುಗರ ಸ್ಪಂದನ: ಎರಡು ಸಲ ವಾಪಸ್ ಬಂದ ಕರಿಯನಿಗೆ ಯಾರ ಮನೆ?

ಕಳೆದ ವಾರದ ಸಮಸ್ಯೆ: ಮೈಸೂರಿನ ಹೊರವಲಯದ ನಾಯಿಗಳ ಆಶ್ರಯಧಾಮವೊಂದರಲ್ಲಿ ವಾರಕ್ಕೆ ಮೂರು ದಿನ ಕೆಲಸ ಮಾಡುತ್ತೇನೆ. ಅಲ್ಲಿ ಕರಿಯ ಅಂತ ನಾಲ್ಕು ವರ್ಷದ ಗಂಡು ನಾಯಿ ಇದೆ, ಮುಧೋಳ ಬೇಟೆನಾಯಿ ತಳಿಯ ಬೆರಕೆ. ನನ್ನ ಕಂಡರೆ ಪ್ರಾಣ. ಆದರೆ ತಟ್ಟೆಯ ಹತ್ತಿರ ಯಾರೇ ಬಂದರೂ ಗುರ್ರೆನ್ನುತ್ತಾನೆ, ಹೆಲ್ಮೆಟ್ ಹಾಕಿದ ಗಂಡಸರ ಮೇಲೆ ಏರಿ ಹೋಗುತ್ತಾನೆ. ಮೊದಲು ಕರೆದುಕೊಂಡು ಹೋದವರು ಒಂಬತ್ತೇ ದಿನಕ್ಕೆ ತಂದುಬಿಟ್ಟರು. ಎರಡನೆಯವರ ಮನೆಯಲ್ಲಿ ನಾಲ್ಕು ತಿಂಗಳಿದ್ದ. ತಟ್ಟೆ ಎತ್ತಲು ಬಗ್ಗಿದ ಅಜ್ಜನ ಕೈಗೆ ಬಾಯಿ ಹಾಕಿದ, ಎರಡು ಹಲ್ಲು ಇಳಿದವು. ಈಗ ಧಾಮದಲ್ಲಿ ಜಾಗವಿಲ್ಲ, ಬೇಗ ಮನೆ ನೋಡಿ ಅನ್ನುತ್ತಿದ್ದಾರೆ. ಕಚ್ಚಿದ್ದು ಹೇಳಿದರೆ ಯಾರೂ ಒಪ್ಪುವುದಿಲ್ಲ. ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಏನು ಮಾಡಲಿ?
– ಓದುಗಿ, ಮೈಸೂರು

ಮೊದಲು ಬಾಯಿ ತೆರೆದು ನೋಡಿಸಿ

ತಂಗೀ, ನಿಮ್ಮ ಪತ್ರ ಎರಡು ಸಲ ಓದಿದೆ. ತಟ್ಟೆ ಇದೆ, ಹೆಲ್ಮೆಟ್ ಇದೆ, ಅಜ್ಜ ಇದ್ದಾರೆ. ಕರಿಯನ ಹಲ್ಲು ಹೇಗಿವೆ ಅನ್ನುವುದು ಮಾತ್ರ ಇಲ್ಲ ನೋಡ್ರಿ. ಮೂವತ್ತೊಂದು ವರ್ಷ ಪಶು ಆಸ್ಪತ್ರೆಯಲ್ಲಿದ್ದೆ. ಸಿಟ್ಟಿನ ನಾಯಿ ಅಂತ ಹೊತ್ತು ತಂದವುಗಳಲ್ಲಿ ಎಷ್ಟೋ ಬರೀ ನೋವಿನ ನಾಯಿಗಳಾಗಿದ್ದವು. ಒಡೆದ ಕೋರೆಹಲ್ಲು, ಕಿವಿಯಲ್ಲಿ ಕೀವು, ಸವೆದ ಸೊಂಟದ ಕೀಲು, ಉಣ್ಣೆ ಹುಳ ಕಚ್ಚಿ ಒಳಗೊಳಗೇ ಇರುವ ಜ್ವರ, ಯಾವುದೂ ಇರಬಹುದು. ಒಮ್ಮೆ ನವಲಗುಂದದ ಕಡೆಯವರು ಒಂದು ನಾಯಿ ತಂದಿದ್ದರು. ಬಲಗಡೆಯಿಂದ ಹೋದರೆ ಕೈ ನೆಕ್ಕುತ್ತಿತ್ತು, ಎಡಗಡೆಯಿಂದ ಹೋದರೆ ಕಚ್ಚಲು ಬರುತ್ತಿತ್ತು. ಏನೋ ಸೋಕಿದೆ ಅಂತ ಮನೆಯವರು ಕೊರಳಿಗೆ ತಾಯಿತ ಕಟ್ಟಿಸಿದ್ದರು. ಮತ್ತಿನ ಮದ್ದು ಕೊಟ್ಟು ಎಡಗಿವಿಯೊಳಗೆ ಇಕ್ಕಳ ಇಳಿಸಿದರೆ ಹುಲ್ಲಿನ ತೆನೆಯ ಚೂಪು ಸುಂಕು ಒಂದು ಸಿಕ್ಕಿತು, ಸುತ್ತ ಹಣ್ಣಾದ ಗಾಯ. ಹದಿನೈದು ದಿನದಲ್ಲಿ ಆ ನಾಯಿಗೆ ಎಡಗಡೆಯೂ ಒಂದೇ, ಬಲಗಡೆಯೂ ಒಂದೇ. ತಾಯಿತದ ಖರ್ಚು ನನ್ನ ಫೀಸಿಗಿಂತ ಹೆಚ್ಚಾಗಿತ್ತು, ಅದು ಬೇರೆ ಮಾತು.

ಇನ್ನು ಮುಧೋಳ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆಗೆ ಮರಿಗಳು ಹೋದವು, ಆಮೇಲೆ ಎರಡು ಕೋಣೆಯ ಫ್ಲ್ಯಾಟಿನವರಿಗೂ ಮುಧೋಳವೇ ಬೇಕಾಯಿತು. ಬಯಲಿನಲ್ಲಿ ಮೊಲ ಅಟ್ಟಿಸಲು ಬೆಳೆಸಿದ ತಳಿ ಇದು, ಕಣ್ಣಿನಿಂದ ಬೇಟೆಯಾಡುವಂಥದ್ದು. ಎದುರಿಗೆ ಏನಾದರೂ ಓಡಿತೆಂದರೆ ಕಾಲು ತಾನಾಗಿಯೇ ಏಳುತ್ತದೆ. ಗುರುತಿಲ್ಲದವರು ಮೈ ಸವರಿದರೂ ಹಿಡಿಸುವುದಿಲ್ಲ. ಬೆರಕೆಯಲ್ಲಿ ಇದೆಲ್ಲ ಎಷ್ಟು ಉಳಿದಿದೆಯೋ ನೋಡಿಯೇ ತಿಳಿಯಬೇಕು.

ಅದಕ್ಕೇ ಒಂದು ಪ್ರಶ್ನೆ. ಹೆಲ್ಮೆಟ್ಟಿನವನು ಬೈಕಿನ ಮೇಲೆ ಹೋಗುತ್ತಿದ್ದಾಗ ಮಾತ್ರ ನುಗ್ಗುತ್ತಾನೋ, ಸುಮ್ಮನೆ ನಿಂತಿದ್ದರೂ ನುಗ್ಗುತ್ತಾನೋ? ಓಡುವಾಗ ಮಾತ್ರ ಅಂದರೆ ಅದು ಅಟ್ಟುವ ಚಟ. ಗಟ್ಟಿ ಹಗ್ಗ, ಎತ್ತರದ ಕಾಂಪೌಂಡು, ದಿನಾ ಒಂದು ತಾಸು ಓಟ ಇದ್ದರೆ ಸಂಭಾಳಿಸಬಹುದು. ನಿಂತವನ ಮೇಲೂ ಹೋಗುತ್ತಾನೆ ಅಂದರೆ ಅಂಜಿಕೆ. ಎರಡಕ್ಕೂ ಮದ್ದು ಬೇರೆ, ಮನೆಯೂ ಬೇರೆ. ಇದನ್ನು ತಿಳಿಯದೆ ಮನೆ ಹುಡುಕಲು ಹೊರಟರೆ ಮೂರನೆಯ ಸಲವೂ ವಾಪಸ್ ಬರುತ್ತಾನೆ.
– ನಿವೃತ್ತ ಪಶುವೈದ್ಯ, ಧಾರವಾಡ

ನನಗೆ ಎಲ್ಲ ಹೇಳಿಯೇ ಕೊಟ್ಟಿದ್ದರು

ಅಕ್ಕಾ, ನಮ್ಮ ಮನೆಯಲ್ಲಿರುವ ಹೆಣ್ಣುನಾಯಿಯೂ ಎರಡು ಕಡೆಯಿಂದ ವಾಪಸ್ ಬಂದವಳೇ. ಅವಳನ್ನು ಕೊಟ್ಟ ಹುಡುಗ ಮೂರು ಪುಟದ ಕಾಗದ ಕೈಯಲ್ಲಿ ಬರೆದು ಕೊಟ್ಟಿದ್ದ. ಯಾರಿಗೆ ಕಚ್ಚಿದಳು, ಯಾವಾಗ, ಅದಕ್ಕೆ ಎರಡು ನಿಮಿಷ ಮುಂಚೆ ಏನಾಗುತ್ತಿತ್ತು, ರಕ್ತ ಬಂತೋ ಇಲ್ಲವೋ, ಕುಕ್ಕರ್ ಕೂಗಿದರೆ ಎಲ್ಲಿ ಅಡಗುತ್ತಾಳೆ, ಎಲ್ಲ ಇತ್ತು. ಓದಿ ನನ್ನ ಗಂಡ ಬೇಡವೇ ಬೇಡ ಅಂದರು. ನನಗೆ ಆ ಕಾಗದದಿಂದಲೇ ಧೈರ್ಯ ಬಂತು. ಇಷ್ಟು ಗಮನಿಸಿ ಬರೆದವನು ನಾಳೆ ಫೋನ್ ಮಾಡಿದರೆ ಎತ್ತುತ್ತಾನೆ ಅನ್ನಿಸಿತು. ಎತ್ತಿದ ಕೂಡ, ರಾತ್ರಿ ಹನ್ನೊಂದಕ್ಕೆ.

ತಟ್ಟೆಯ ವಿಷಯಕ್ಕೆ ಬರುತ್ತೇನೆ. ಗುರ್ರೆಂದರೆ ಬೈಯಬೇಡಿ, ಬೈಯಲು ಬಿಡಲೂ ಬೇಡಿ. ‘ದೂರ ಹೋಗು’ ಅಂತ ಹೇಳಲು ನಾಯಿಗೆ ಇರುವ ಮಾತು ಅದೊಂದೇ. ಅದನ್ನೂ ಹೊಡೆದು ಬಿಡಿಸಿದರೆ ಮುಂದಿನ ಸಲ ಹೇಳದೆ ಕೇಳದೆ ಕಚ್ಚುತ್ತದೆ. ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟು: ಅವಳು ಉಣ್ಣುವಾಗ ನಾನು ಏಳು ಹೆಜ್ಜೆ ದೂರದಲ್ಲಿ ನಿಂತು, ಬೇಯಿಸಿದ ಕೋಳಿ ಲಿವರಿನ ಒಂದು ಚೂರು ತಟ್ಟೆಯ ಕಡೆ ಎಸೆದು, ತಿರುಗಿ ನೋಡದೆ ಹೋಗಿಬಿಡುವುದು. ತಟ್ಟೆ ಮುಟ್ಟುವುದಿಲ್ಲ, ಮಾತಾಡಿಸುವುದಿಲ್ಲ. ಅವಳು ತಿನ್ನುವುದನ್ನು ಬಿಟ್ಟು ಮೈ ಬಿಗಿ ಹಿಡಿದು ನಿಂತಳೋ, ಓರೆಗಣ್ಣಿನ ಬಿಳಿ ಕಾಣಿಸಿತೋ, ನಾನು ತುಂಬಾ ಹತ್ತಿರ ಬಂದೆ ಅಂತ ಅರ್ಥ. ಮತ್ತೆ ಹಿಂದೆ. ಏಳು ಹೆಜ್ಜೆ ಎರಡಾಗಲು ಐದು ತಿಂಗಳು ಹಿಡಿಯಿತು. ಎರಡು ಒಂದಾಗಲೇ ಇಲ್ಲ. ಆಗಬೇಕಾದ್ದೂ ಇಲ್ಲ ಬಿಡಿ. ವಾಷಿಂಗ್ ಮೆಷಿನ್ ಪಕ್ಕದ ಮೂಲೆ ಅವಳದು, ಉಂಡು ಎದ್ದು ಹೊರಗೆ ಹೋದ ಮೇಲೆ ಬಾಗಿಲು ಹಾಕಿ ತಟ್ಟೆ ತೆಗೆಯುತ್ತೇವೆ. ಕರಿಯ ಅಜ್ಜನಿಗೆ ಕಚ್ಚಿದ್ದು ಕರಿಯನ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಉಣ್ಣುವವನ ಎಲೆ ಎಳೆದರೆ ನಾವೂ ಸುಮ್ಮನಿರುವುದಿಲ್ಲ. ಆದರೆ ಆ ಅಜ್ಜನಿಗೆ ಮೊದಲೇ ಹೇಳಿಟ್ಟಿದ್ದರೋ ಇಲ್ಲವೋ?

ಹೆಲ್ಮೆಟ್ ನಮ್ಮಲ್ಲೂ ಇತ್ತು. ಗಂಡನ ಹಳೆಯದೊಂದನ್ನು ನಡುಮನೆಯಲ್ಲಿ ಬೋರಲು ಹಾಕದೆ ಅಂಗಾತ ಇಟ್ಟು, ಒಳಗೆ ಕೋಳಿ ಚೂರು ಹಾಕಿಟ್ಟೆ. ಮೊದಲ ದಿನ ಅವಳು ಗೋಡೆ ಬಿಟ್ಟು ಬರಲಿಲ್ಲ. ಹನ್ನೊಂದನೆಯ ದಿನ ಕತ್ತು ಉದ್ದ ಮಾಡಿ, ಹಿಂಗಾಲು ಓಡಲು ತಯಾರಾಗಿಟ್ಟುಕೊಂಡೇ, ಮೂಗು ಒಳಗೆ ಹಾಕಿದಳು. ಆಮೇಲೆ ಗಂಡ ಅದನ್ನು ಕೈಯಲ್ಲಿ ಹಿಡಿದು ಕೂತರು, ಆಮೇಲೆ ತಲೆಗೆ. ಹೊರಗಿನವರ ಮಟ್ಟಿಗೆ ಇನ್ನೂ ನಂಬಿಕೆಯಿಲ್ಲ, ಅದಕ್ಕೆ ಬೀದಿಗೆ ಹೋಗುವಾಗ ಬಾಯಿಕುಕ್ಕೆ. ಗಾಳಿಯಾಡುವ, ನೀರು ಕುಡಿಯಲು ಬರುವ ಬುಟ್ಟಿಯಂಥದ್ದೇ ಬೇಕು. ಬಾಯಿ ಬಿಗಿಯುವ ಬಟ್ಟೆಪಟ್ಟಿ ಬೇಡ. ಒಳಗೆ ಗಟ್ಟಿ ಮೊಸರು ಸವರಿ ಕೊಟ್ಟೆ, ವಾರದಲ್ಲಿ ತಾನೇ ಮುಖ ತೂರಿಸತೊಡಗಿದಳು.
– ಬನಶಂಕರಿ, ಬೆಂಗಳೂರು

ಹೊಕ್ಕುಳ ಸುತ್ತ ಹದಿನಾಲ್ಕು

ನಿಮಗೆ ನಿದ್ದೆ ಬರದಿರುವುದೇ ಒಳ್ಳೆಯದು ಮೇಡಂ. ನನಗೆ ಏಳು ವರ್ಷವಾಗಿದ್ದಾಗ ಪಕ್ಕದ ಮನೆಗೆ ಹೊಸದಾಗಿ ಬಂದ ನಾಯಿ ಮೀನಖಂಡ ಹಿಡಿಯಿತು. ಹಿಂದಿನ ಮನೆಯಲ್ಲೂ ಕಚ್ಚಿತ್ತಂತೆ, ಕೊಟ್ಟವರು ಬಾಯಿ ಬಿಟ್ಟಿರಲಿಲ್ಲ. ಆಗ ರೇಬೀಸ್ ಬರದಿರಲಿ ಅಂತ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್. ಅಪ್ಪ ನನ್ನ ಎರಡೂ ಕೈ ಹಿಡಿದುಕೊಂಡು ಗೋಡೆ ನೋಡುತ್ತಿದ್ದರು. ಈಗ ಆ ಲಸಿಕೆ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮಕ್ಕೆ ಚುಚ್ಚುವುದಾದರೆ ಕಚ್ಚಿದ ದಿನ, ಆಮೇಲೆ 3, 7 ಮತ್ತು 28ನೇ ದಿನ, ಅಷ್ಟೇ. ಹಲ್ಲು ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಸುತ್ತ ಸೀರಂ, ಅಂದರೆ ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು, ಬೇರೆ. ಎಲ್ಲಕ್ಕಿಂತ ಮೊದಲು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಕರಿಯನಿಗೆ ಲಸಿಕೆ ಆಗಿದೆ ಅಂತ ಯಾರೂ ಇದನ್ನು ಬಿಡಬಾರದು. ಅವನ ಲಸಿಕೆ ಕಾರ್ಡು ಮನೆಯವರ ಕೈಗೆ ಕೊಡಿ, ಮುಂಚಿತವಾಗಿ ಹಾಕಿಸಿಕೊಳ್ಳುವ ಲಸಿಕೆಯೂ ಇದೆ ಅಂತ ತಿಳಿಸಿ, ನೀವೂ ಹಾಕಿಸಿಕೊಳ್ಳಿ. ಚಿಕ್ಕ ಮಕ್ಕಳಿರುವ ಮನೆಗೆ ಮಾತ್ರ ಬೇಡ, ಅವರು ಎಷ್ಟೇ ಗೋಗರೆದರೂ.
– ತುಮಕೂರು

‘ತೋಟದ ಮನೆ ಇದೆ’ ಅನ್ನುವವರನ್ನು ನಂಬಬೇಡಿ

ಇದನ್ನು ತೋಟದ ಮನೆಯವನೇ ಬರೆಯುತ್ತಿದ್ದೇನೆ. ಪೇಟೆಯಲ್ಲಿ ಯಾವ ನಾಯಿ ಕಚ್ಚಿದರೂ ಎಲ್ಲರೂ ಕೊಡುವ ಸಲಹೆ ಒಂದೇ: ಮಲೆನಾಡಿನ ಕಡೆ ಯಾರಿಗಾದರೂ ಕೊಟ್ಟುಬಿಡಿ, ಆರಾಮಾಗಿ ಓಡಾಡಿಕೊಂಡಿರುತ್ತದೆ. ನಮ್ಮಲ್ಲಿ ನಾಯಿ ಆರಾಮಾಗಿ ಓಡಾಡಿದರೆ ಚಿರತೆಯೂ ಆರಾಮಾಗಿ ಬರುತ್ತದೆ. ಎರಡು ವರ್ಷದಲ್ಲಿ ನಮ್ಮದೇ ಎರಡು ಹೋದವು, ಒಂದು ಅಂಗಳದಿಂದಲೇ. ಅದಕ್ಕೇ ಹಗಲು ಕಟ್ಟುವುದು, ರಾತ್ರಿ ಗೂಡಿಗೆ ಹಾಕುವುದು. ಅಂದರೆ ನಿಮ್ಮ ಕರಿಯನಿಗೆ ಇಲ್ಲಿ ಸಿಗುವುದು ಅಡಕೆ ಚಪ್ಪರದ ಕಂಬ ಮತ್ತು ಆರಡಿ ಸರಪಳಿ. ಕಟ್ಟಿ ಹಾಕಿದ ನಾಯಿ ಇನ್ನಷ್ಟು ಮೊಂಡಾಗುತ್ತದೆ. ಬಿಟ್ಟರೆ ಮುಧೋಳದ ಕಾಲಿಗೆ ನೆರೆಮನೆಯ ಕೋಳಿ ಎಷ್ಟರ ಲೆಕ್ಕ, ಒಂದೇ ದಿನಕ್ಕೆ ನಾಲ್ಕು. ಆಮೇಲೆ ಯಾರದೋ ಕೋವಿ, ಇಲ್ಲವೇ ವಿಷದ ಉಂಡೆ. ನಿಜವಾಗಿ ನಾಯಿ ಬೇಕಾದವರು ನಮ್ಮಲ್ಲೂ ಇದ್ದಾರೆ. ಅವರು ‘ಜಾಗ ಬೇಕಾದಷ್ಟಿದೆ’ ಅನ್ನುವುದಿಲ್ಲ, ‘ಅದು ಎಲ್ಲಿ ಮಲಗುತ್ತದೆ’ ಅಂತ ಕೇಳುತ್ತಾರೆ.
– ಕೊಪ್ಪ

ಬರಹದಲ್ಲಿರಲಿ

ವಕೀಲಿ ಮಾತು ಎರಡೇ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲದ ದಂಡ 50 ರೂಪಾಯಿ ದಾಟುವುದಿಲ್ಲ ಎಂಬುದು ನಗುವ ವಿಷಯವೋ ಅಳುವ ವಿಷಯವೋ. ಆದರೆ ನಾಯಿಯನ್ನು ಹತೋಟಿಯಲ್ಲಿಡದೆ ಯಾರಿಗಾದರೂ ಅಪಾಯವಾಗುವಂತಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಸಿಕ್ಕಿಬೀಳುವವರು ಸಾಕುವವರು. ನೀವು ಮುಚ್ಚಿಟ್ಟು ಕೊಟ್ಟರೆ, ಗೊತ್ತಿಲ್ಲದ ಭಾರವನ್ನು ಅವರ ತಲೆಗೆ ಕಟ್ಟಿದ ಹಾಗೆ. ಒಪ್ಪಂದದಲ್ಲಿ ಕಚ್ಚಿದ ಎಲ್ಲ ವಿವರ ಬರೆದು ಇಬ್ಬರೂ ಸಹಿ ಮಾಡಿ. ಆಗದಿದ್ದರೆ ಬೀದಿಗಾಗಲಿ ಬೇರೆಯವರಿಗಾಗಲಿ ಬಿಡದೆ ನಿಮಗೇ ಮರಳಿಸಬೇಕು ಅಂತಲೂ ಇರಲಿ.
– ಹುಬ್ಬಳ್ಳಿ

ಕೇಳಿ ಪಡೆದ ನಾಯಿ

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನಿಮಗೆ ಗೊತ್ತಿರಬಹುದು, ಸುಮಾರು 950ರದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೆರ ಎಂಬ ವೀರನ ಹೋರಾಟಕ್ಕೆ ಮೆಚ್ಚಿ ದೊರೆ ಬೇಕಾದ್ದು ಕೇಳು ಅಂದಾಗ, ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತ ಮೇಲೆ ಆ ನಾಯಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿಯೂ ಸಿಕ್ಕಿತು. ಹಂದಿಯ ಮೇಲೆ ಬೀಳುವ ನಾಯಿ ಸಾಧು ಸ್ವಭಾವದ್ದೇನೂ ಆಗಿರಲಿಕ್ಕಿಲ್ಲ. ಅದು ಗೊತ್ತಿದ್ದೇ ಕೇಳಿದ. ‘ಅಯ್ಯೋ ಪಾಪ, ಕೊಡಿ’ ಅನ್ನುವವರಿಗೆ ಕೊಡಬೇಡಿ ಮಗಳೇ, ಎರಡು ಸಲ ಕೊಟ್ಟು ನೋಡಿದ್ದಾಯಿತಲ್ಲ.
– ನಿವೃತ್ತ ಇತಿಹಾಸ ಮೇಷ್ಟ್ರು, ಮಂಡ್ಯ

ಜಾಹೀರಾತು ಹೀಗೆ ಬರೆಯಿರಿ

‘ಮುದ್ದಾದ ನಾಯಿಗೆ ಪ್ರೀತಿಯ ಮನೆ ಬೇಕು’ ಅಂತ ಹಾಕಿದರೆ ನೂರು ಫೋನ್ ಬರುತ್ತವೆ, ನೂರೂ ದಂಡ. ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಕರಿಯ, 4 ವರ್ಷ, ಮುಧೋಳ ಬೆರಕೆ, ಸಂತಾನಹರಣ ಮತ್ತು ಲಸಿಕೆ ಆಗಿದೆ. ತಟ್ಟೆ ಎತ್ತಲು ಹೋದವರಿಗೆ ಒಮ್ಮೆ ಕಚ್ಚಿದ್ದಾನೆ. ಹೆಲ್ಮೆಟ್ ಕಂಡರೆ ಆಗದು. ಮಕ್ಕಳು, ಬೆಕ್ಕು, ಕೋಳಿ ಇಲ್ಲದ, ಎತ್ತರದ ಕಾಂಪೌಂಡಿನ ಮನೆ. ದಿನಾ ಮನೆಗೆ ನಾಲ್ಕು ಡೆಲಿವರಿ ಬರುವವರು ಕ್ಷಮಿಸಿ. ಮೂರು ಭಾನುವಾರ ಬಂದು ಭೇಟಿಯಾದ ಮೇಲೆ ಕೊಡುವ ಮಾತು.’ ಸಂತಾನಹರಣ ಆಗಿದೆ ಅಂದುಕೊಂಡೇ ಬರೆದೆ, ಆಗಿಲ್ಲದಿದ್ದರೆ ಮೊದಲು ಅದು. ದೀಪಾವಳಿಗೆ ಹದಿನೈದು ದಿನ ಹಿಂದೆ ಮುಂದೆ ಯಾರಿಗೂ ಕಳಿಸಬೇಡಿ. ಹೊಸ ಮನೆ, ಮೇಲೆ ಪಟಾಕಿ, ಗೇಟು ಹಾರಿ ಹೋದರೆ ಸಿಗುವುದಿಲ್ಲ.
– ಮಂಗಳೂರು

ಹೆಸರು ಬೇಡ

ನಾನೂ ನಿಮ್ಮ ಹಾಗೆ ಒಂದು ಧಾಮದಲ್ಲಿದ್ದೇನೆ. ಉಳಿದವರು ಬರೆಯಲು ಹಿಂಜರಿಯುವುದನ್ನು ಬರೆಯುತ್ತೇನೆ: ಮನೆ ಸಿಗದೆಯೂ ಇರಬಹುದು. ನಮ್ಮಲ್ಲಿ ಒಬ್ಬನಿದ್ದಾನೆ, ಎಲ್ಲ ಹೇಳಿಯೇ ಎರಡು ವರ್ಷ ಹುಡುಕಿದೆವು, ಯಾರೂ ಬರಲಿಲ್ಲ. ಜಾಗವಿಲ್ಲ ಅನ್ನುವವರ ಒತ್ತಡ ನನಗೂ ಗೊತ್ತು. ಆ ಒತ್ತಡಕ್ಕೆ ಒಮ್ಮೆ ಅರ್ಧ ಸತ್ಯ ಹೇಳಿ ಬೇರೊಂದು ನಾಯಿಯನ್ನು ಕೊಟ್ಟೆ. ಆ ಮನೆಯ ಫೋನ್ ನಂಬರ್ ಇವತ್ತಿಗೂ ನನ್ನ ಬಳಿ ಇದೆ, ಮಾಡುವ ಮುಖವಿಲ್ಲ.

ಯಾರೂ ಬಾರದ ಆ ಮೊದಲಿನವನಿಗಾಗಿ ಕೊನೆಗೆ ಮಾಡಿದ್ದು ಇಷ್ಟು. ಗಲಾಟೆಯ ಸಾಲಿನಿಂದ ತೆಗೆದು ಹಿಂದಿನ ನೀರಿನ ಟ್ಯಾಂಕಿನ ಪಕ್ಕ ಬೇರೆ ಗೂಡು ಕಟ್ಟಿಸಿದೆವು. ಅನ್ನ ಹಾಕುವವನು ಒಬ್ಬನೇ, ಹೊತ್ತೂ ಒಂದೇ. ಅರ್ಧ ಗುರುಗುಟ್ಟುವುದು ಅಲ್ಲಿಗೇ ನಿಂತಿತು. ನಲವತ್ತು ನಾಯಿ ಬೊಗಳುವ ಕಡೆ ಯಾರಿಗೆ ತಾನೇ ತಲೆ ನೆಟ್ಟಗಿರುತ್ತದೆ. ಸಾಕಲು ಆಗದ, ಬರಲು ಆಗುವ ಒಬ್ಬರು ಸಿಕ್ಕಿದ್ದಾರೆ, ಬ್ಯಾಂಕಿನಿಂದ ರಿಟೈರಾದವರು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದು, ಹೆಲ್ಮೆಟ್ ಗೇಟಿನಲ್ಲೇ ಬಿಟ್ಟು, ಗೂಡಿನ ಒಳಗೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಪೇಪರ್ ಓದುತ್ತಾರೆ. ನಾಯಿ ಮೊದಲು ಮೂಲೆಯಲ್ಲಿರುತ್ತಿತ್ತು, ಈಗ ಅವರ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗುತ್ತದೆ. ಪುಟ ತಿರುಗಿಸುವ ಸದ್ದಿಗೆ ಕಿವಿ ಮಾತ್ರ ಆಡುತ್ತದೆ. ಎಂಟು ತಿಂಗಳಾಯಿತು, ಅವರು ಇನ್ನೂ ಅದನ್ನು ಮುಟ್ಟಿಲ್ಲ.