ಬೆನ್ನುನೋವಿನ ಕ್ಲಿನಿಕ್‌ಗೆ ವಿಡಿಯೋ ಮಾಡಿಸಿದವರು ಅನುಭವ ಹೇಳಿ

ದಾವಣಗೆರೆ ಫಿಸಿಯೋ:
ಕ್ಲಿನಿಕ್ ತೆರೆದು ಇನ್ನೂ ವರ್ಷ ತುಂಬಿಲ್ಲ. ಬಿಪಿಟಿ (ಫಿಸಿಯೋಥೆರಪಿ ಪದವಿ) ಆದ ಮೇಲೆ, ಕೈಯಿಂದ ಬೆನ್ನು, ಕತ್ತಿನ ಕೀಲು ಒತ್ತಿ ತಿರುಗಿಸುವ ಕೈರೋಪ್ರಾಕ್ಟಿಕ್ ಕೋರ್ಸ್ ಕೂಡ ಮಾಡಿಕೊಂಡಿದ್ದೇನೆ. ಒಂದು ಏಜೆನ್ಸಿಯವರು ತಿಂಗಳಿಗೆ 12 ರೀಲ್‌ಗೆ 22,000 ಕೇಳುತ್ತಿದ್ದಾರೆ. ಕೊಡಬಹುದಾ? ಪೇಷೆಂಟ್‌ಗಳ ಮುಖ ತೋರಿಸಬೇಕಾ? ಅಥವಾ ಮೊಬೈಲಿನಲ್ಲಿ ನಾನೇ ಮಾಡಿದರೆ ಸಾಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮೈಸೂರಿನವನು:
ನನಗೂ 22,000 ಅಂತಲೇ ಶುರು ಮಾಡಿದ್ದರು. ಕೊನೆಗೆ ಬಿಲ್ ಬಂದದ್ದು ಹೀಗೆ. ರೀಲ್‌ಗಳಿಗೆ 22,000. ಶೂಟಿಂಗ್ ದಿನ ಕ್ಯಾಮೆರಾದವನಿಗೆ ಬೇರೆ 6,000. ಅವನ ಊಟ, ಆಟೋ ನನ್ನ ತಲೆಗೆ. ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸುವ ಬೂಸ್ಟ್‌ಗೆ ದಿನಕ್ಕೆ 500, ಅದರ ಮೇಲೆ ಶೇ 18 ಜಿಎಸ್‌ಟಿ. ತಂಬ್‌ನೇಲ್‌ಗೆ ತಲಾ 300. ರೀಲ್‌ಗೆ ತಂಬ್‌ನೇಲ್ ಯಾಕಪ್ಪಾ ಅಂದರೆ "ಬ್ರ್ಯಾಂಡಿಂಗ್ ಸರ್" ಎಂದರು. ಸಾಲದ್ದಕ್ಕೆ ವಿಡಿಯೋದಲ್ಲಿ ಗತ್ತಾಗಿ ಕಾಣುತ್ತೆ ಅಂತ ಹೇಳಿ ಹೇಳಿ ನನ್ನ ಕೈಯಿಂದ 1,10,000ದ ಡ್ರಾಪ್ ಟೇಬಲ್ (ಬೆನ್ನು ಒತ್ತಿದಾಗ ಒಂದು ಭಾಗ ಕೆಳಗಿಳಿಯುವ ಮಂಚ) ಕೊಡಿಸಿದರು. ಈಗ ಅದರ ಮೇಲೆ ಟವೆಲ್ ಮಡಚಿ ಇಡುತ್ತೇವೆ.

ಒಂದು ರೀಲ್ 9 ಲಕ್ಷ ವ್ಯೂಸ್ ದಾಟಿತು. ಏಜೆನ್ಸಿ ಹುಡುಗರು ಕೇಕ್ ತಂದು ಕತ್ತರಿಸಿದರು. ಆ ಕೇಕಿನ ದುಡ್ಡೂ ಬಿಲ್ಲಿನಲ್ಲಿತ್ತು. ಫೋನ್ ಬಂದದ್ದೆಲ್ಲ ಪಟ್ನಾದಿಂದ, ಇಂದೋರಿನಿಂದ. ಹಿಂದಿ ಮಾತು, ಹಿಂದಿ ಕ್ಯಾಪ್ಷನ್ ಹಾಕಿದರೆ ಇನ್ನೇನಾಗುತ್ತೆ? ದುಬೈನಿಂದ ಒಬ್ಬ "ಬೆನ್ನು ಎಳೆದರೆ ಎರಡು ಇಂಚು ಹೈಟ್ ಬರುತ್ತಾ" ಅಂತ ಮಧ್ಯರಾತ್ರಿ ಕೇಳಿದ. ಪಕ್ಕದ ಕುವೆಂಪುನಗರದಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

ಪುತ್ತೂರು ಕಡೆಯವರು:
ಏಜೆನ್ಸಿ ಯಾಕೆ ಬೇಕು ಮಾರಾಯ್ರೇ? ನನ್ನದು ಹಳೇ ಫೋನು, 900 ರೂಪಾಯಿಯ ವೈರ್ ಮೈಕ್, 1,400ರ ಸ್ಟ್ಯಾಂಡ್. ಮೈಕಿನ ವೈರನ್ನು ಇಲಿ ಕಡಿಯಿತು, ಇನ್ನೊಂದು 900 ಹೋಯಿತು. ಫ್ಯಾನ್ ಹಾಕಿದರೆ ಗುಯ್ ಅಂತ ಸದ್ದು. ಆರಿಸಿದರೆ ನಮ್ಮ ಸೆಕೆಗೆ ಬೆವರು ಕಣ್ಣಿಗಿಳಿಯುತ್ತೆ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಬಿದ್ದರೆ ನನ್ನ ಮಾತು ನನಗೇ ಕೇಳುವುದಿಲ್ಲ. ಹಾಗಾಗಿ ಬೆಳಿಗ್ಗೆ ಆರಕ್ಕೆ, ರಸ್ತೆಯಲ್ಲಿ ಬಸ್ಸು ಶುರುವಾಗುವ ಮುಂಚೆ ಮಾಡುತ್ತೇನೆ.

ನಮ್ಮ ಕಡೆ ಬೀಡಿ ಕಟ್ಟುವ ಹೆಂಗಸರು ಮಡಿಲಲ್ಲಿ ಮೊರ ಇಟ್ಟು ಗಂಟೆಗಟ್ಟಲೆ ಕತ್ತು ಬಗ್ಗಿಸಿ ಕೂರುತ್ತಾರೆ. ಮೊರದ ಅಡಿಗೆ ದಿಂಬು ಇಟ್ಟರೆ ಕತ್ತು ಎಷ್ಟು ಮೇಲೆ ಬರುತ್ತೆ ಅಂತ ತೋರಿಸಿದೆ. ತುಳುವಿನಲ್ಲೊಂದು, ಕನ್ನಡದಲ್ಲೊಂದು. ನೋಡಿದವರು ಎರಡು ಸಾವಿರವೂ ಇಲ್ಲ. ಆದರೆ ಬಂಟ್ವಾಳ, ಉಪ್ಪಿನಂಗಡಿ ಕಡೆಯಿಂದ ಬಸ್ಸು ಹತ್ತಿ ಬಂದರು. ಈಗ ನನ್ನನ್ನು "ಮೊರದ ಡಾಕ್ಟ್ರು" ಅಂತಲೇ ಕರೆಯುವುದು. ಬಂದವರಿಗೆ ಅವರವರ ವ್ಯಾಯಾಮವನ್ನು ಅವರ ಫೋನಿನಲ್ಲೇ ಶೂಟ್ ಮಾಡಿ ಕೊಡುತ್ತೇನೆ. ಚೀಟಿಯಲ್ಲಿ ಬರೆದುಕೊಟ್ಟರೆ ಮನೆಗೆ ಹೋಗಿ ಯಾರೂ ಮಾಡುವುದಿಲ್ಲ. ವಾಟ್ಸಾಪಿನಲ್ಲಿದ್ದರೆ ಮೊಮ್ಮಗ ಹಾಕಿಕೊಡುತ್ತಾನೆ, ಅಜ್ಜಿ ಮಾಡುತ್ತಾರೆ.

ನಾಗರಭಾವಿ ಕೈರೋ:
ಎರಡು ಸಾವಿರ ವ್ಯೂಸ್ ನಂಬಿಕೊಂಡು ಬೆಂಗಳೂರಿನಲ್ಲಿ ಬಾಡಿಗೆ ಕಟ್ಟೋಕಾಗಲ್ಲ ಸರ್. ನನ್ನದು 48,000 ಬಾಡಿಗೆ, 5 ಲಕ್ಷ ಅಡ್ವಾನ್ಸ್. ಜನಕ್ಕೆ ಬೇಕಾಗಿರುವುದು ಕತ್ತು, ಬೆನ್ನು ತಿರುಗಿಸಿದಾಗ ಬರುವ ಆ "ಟಕ್" ಸದ್ದು. ಪೇಷೆಂಟ್ ಕಾಲರಿಗೆ ವೈರ್‌ಲೆಸ್ ಮೈಕ್ ಸಿಕ್ಕಿಸಿ. ತಲೆಗೆ ಕಟ್ಟುವ ಪಟ್ಟಿ, ವೈ-ಸ್ಟ್ರಾಪ್, ಹಾಕಿ ಕತ್ತು ಎಳೆಯುವಾಗ ಪಕ್ಕದಿಂದ ಒಂದು, ಮುಖದ ಹತ್ತಿರ ಒಂದು, ಎರಡು ಫೋನ್ ಇಡಿ. ಎದ್ದ ತಕ್ಷಣ ಬರುವ ನಗು ತಪ್ಪಿಸಬೇಡಿ, ರೀಲ್ ನಿಲ್ಲುವುದೇ ಅದರ ಮೇಲೆ. ನನ್ನ ಹೊಸ ಪೇಷೆಂಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ರೀಲ್ ನೋಡಿಯೇ ಬರೋದು. ಸೆಷನ್‌ಗೆ 1,500. ಚೌಕಾಸಿ ಇಲ್ಲ. ಮೈಸೂರಿನವರ ಏಜೆನ್ಸಿ ಕೆಟ್ಟದಿರಬಹುದು, ವಿಡಿಯೋ ಕೆಟ್ಟದ್ದಲ್ಲ.

ಹುಬ್ಬಳ್ಳಿ ಹಿರಿಯ ಫಿಸಿಯೋ:
ಆ ಟಕ್ ಸದ್ದು ಮೂಳೆ ಜಾಗಕ್ಕೆ ಕೂತಿದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆಯಿಂದ ಬರುವ ಸದ್ದು. ಬೆರಳಿನ ನೆಟಿಕೆ ಮುರಿದರೂ ಅದೇ. ಅದನ್ನೇ ಮೈಕ್ ಇಟ್ಟು ಮಾರುತ್ತಿದ್ದೀರಿ. ಕತ್ತನ್ನು ಜೋರಾಗಿ ತಿರುಗಿಸಿದಾಗ ಅಪರೂಪಕ್ಕಾದರೂ ರಕ್ತನಾಳ ಹರಿದು ಸ್ಟ್ರೋಕ್ ಆದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಪೇಷೆಂಟ್‌ಗೆ ನೀವು ಮೊದಲು ಏನು ಕೇಳಿದಿರಿ, ಸ್ಕ್ಯಾನ್‌ನಲ್ಲಿ ಏನು ನೋಡಿದಿರಿ, ರೀಲ್‌ನಲ್ಲಿ ಇರುತ್ತದೆಯೇ? ಅದನ್ನು ನೋಡಿ ಹಾಸ್ಟೆಲ್ ಹುಡುಗರು ಒಬ್ಬರ ಕತ್ತು ಒಬ್ಬರು ತಿರುಗಿಸುತ್ತಾರೆ.

ಈ ಕೈರೋಪ್ರಾಕ್ಟಿಕ್ ವಿದ್ಯೆ ಹುಟ್ಟಿದ್ದೇ ಹಾಗೆ ಬಿಡಿ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬಾತ ಒಬ್ಬರ ಬೆನ್ನು ಒತ್ತಿ ಕಿವುಡು ವಾಸಿ ಮಾಡಿದೆ ಅಂದ. ಆವತ್ತಿನಿಂದಲೂ ಪ್ರಚಾರ ಮುಂದೆ, ಪುರಾವೆ ಹಿಂದೆ. ಇನ್ನು ಹೈಟ್ ಬೆಳೆಸುತ್ತೇವೆ, ಬೊಜ್ಜು ಕರಗಿಸುತ್ತೇವೆ, ಲಕ್ವ ವಾಸಿ ಮಾಡುತ್ತೇವೆ ಅಂತ ಕ್ಯಾಪ್ಷನ್ ಹಾಕುವವರು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ ಜಾಹೀರಾತು ನಿಷೇಧವಿರುವ ತೊಂದರೆಗಳ ಪಟ್ಟಿ ತೆಗೆದು ನೋಡಲಿ. ಮೂರೂ ಅದರಲ್ಲಿವೆ.

ನಾಗರಭಾವಿ ಕೈರೋ:
ನಾನು ಯಾವತ್ತೂ ಲಕ್ವದ ಮಾತೆತ್ತಿಲ್ಲ. ಸುಮ್ನೆ ನನ್ನ ತಲೆಗೆ ಕಟ್ಟಬೇಡಿ. ನೋವಿಗೆ ಕರೆಂಟ್ ಕೊಡುವ ಐಎಫ್‌ಟಿ ಯಂತ್ರ ಹಚ್ಚಿ, ಪರದೆ ಎಳೆದು, ಇಪ್ಪತ್ತು ನಿಮಿಷ ಆಚೆ ಪೇಪರ್ ಓದುವವರು ಪುರಾವೆ ಬಗ್ಗೆ ಪಾಠ ಮಾಡುವುದು ನೋಡಿದರೆ ನಗು ಬರುತ್ತೆ. ಅಂದ ಹಾಗೆ, ನಿಮ್ಮ ಬೋರ್ಡಿನಲ್ಲಿ "ಡಾ." ಇದೆಯೋ ಇಲ್ಲವೋ?

ಹುಬ್ಬಳ್ಳಿ ಹಿರಿಯ ಫಿಸಿಯೋ:
ಇದೆ. ಪಕ್ಕದಲ್ಲಿ ಪಿಟಿ (ಫಿಸಿಯೋಥೆರಪಿಸ್ಟ್) ಅಂತಲೂ ಇದೆ. ಫಿಸಿಯೋಗಳು "ಡಾ." ಹಾಕಬಾರದು ಅಂತ 2025ರ ಸೆಪ್ಟೆಂಬರಿನಲ್ಲಿ ದಿಲ್ಲಿಯಿಂದ ಬಂದ ಪತ್ರ ಹಿಡಿದು ಕುಣಿದವರು, ಮರುದಿನವೇ ಅದನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನೂ ಓದಬೇಕು. ನಾನು ನಾಲ್ಕೂವರೆ ವರ್ಷ ಓದಿದವನು. ಶನಿವಾರ, ಭಾನುವಾರ ಹೋಟೆಲ್ ಹಾಲ್‌ನಲ್ಲಿ ಕಲಿತವನಲ್ಲ.

ಪುತ್ತೂರು ಕಡೆಯವರು:
ನಾನು ಬೋರ್ಡಿನಲ್ಲಿ ಹಾಕಿಲ್ಲ. ಜನ ಕರೆಯುತ್ತಾರೆ ಅಷ್ಟೇ. ಅದಕ್ಕೂ ಜಗಳವಾ?

ತುಮಕೂರು ಮೇಡಂ:
ಮುಖ ತೋರಿಸಬೇಕಾ ಅಂತ ಕೇಳಿದ್ದಕ್ಕೆ ಹೇಳುತ್ತೇನೆ. ನಮ್ಮಲ್ಲಿ ಸೊಂಟನೋವಿಗೆ ಬಂದ ಹುಡುಗ ಖುಷಿಯಿಂದ ವಿಡಿಯೋಗೆ ಒಪ್ಪಿದ. ಸಹಿಯನ್ನೂ ಹಾಕಿದ. ಆಮೇಲೆ ಮದುವೆ ಮಾತುಕತೆ ಶುರುವಾಯಿತು. ಹೆಣ್ಣಿನ ಕಡೆಯವರ ಫ್ಯಾಮಿಲಿ ಗ್ರೂಪಿಗೆ ನಮ್ಮ ರೀಲ್ ಹೋಗಿದೆ. "ಹುಡುಗನಿಗೆ ಬೆನ್ನುಮೂಳೆ ಸರಿ ಇಲ್ಲವಂತೆ" ಎಂದು ಮಾತು ನಿಂತಿತು. ಅವರ ತಾಯಿ ಕ್ಲಿನಿಕ್ ಬಾಗಿಲಲ್ಲಿ ನಿಂತು ಕೂಗಾಡಿದರು. ವೇಟಿಂಗ್‌ನಲ್ಲಿದ್ದ ಇಬ್ಬರು ಎದ್ದು ಹೋದರು. ನಾನು ಅಳಿಸಿದೆ. ಆದರೆ ಯಾರೋ ಡೌನ್‌ಲೋಡ್ ಮಾಡಿ ತಮ್ಮ ಪೇಜಿನಲ್ಲಿ ಹಾಕಿಕೊಂಡಿದ್ದರು, ಮೇಲೆ ಬೇರೆ ಕ್ಲಿನಿಕ್ಕಿನ ನಂಬರು! ಅದನ್ನು ತೆಗೆಸಲು ವಕೀಲರಿಗೆ 4,000 ಕೊಟ್ಟೆ. ಇನ್ನೂ ಎಲ್ಲೋ ಓಡಾಡುತ್ತಿದೆ. ಈಗ ನಮ್ಮ ರಿಸೆಪ್ಷನ್ ಹುಡುಗಿಯನ್ನೇ ಮಲಗಿಸಿ ತೋರಿಸುತ್ತೇನೆ. ಸಹಿ ಇದ್ದರೆ ಸಾಕು ಅನ್ನುವವರು ಆ ತಾಯಿಯ ಎದುರು ಹೋಗಿ ಹೇಳಲಿ.

ವಿಡಿಯೋ ಎಡಿಟರ್:
ಎಲ್ಲರೂ ಏಜೆನ್ಸಿಯನ್ನೇ ಬೈಯುತ್ತಿದ್ದೀರಿ. ಬೂಸ್ಟ್ ಮಾಡುವಾಗ ಕ್ಲಿನಿಕ್ ಸುತ್ತ ಹತ್ತು ಕಿಲೋಮೀಟರ್ ಸಾಕು ಅಂದರೆ "ಇಡೀ ಇಂಡಿಯಾ ಹಾಕಿ, ವ್ಯೂಸ್ ಬರಲಿ" ಎನ್ನುವುದು ನಿಮ್ಮ ಡಾಕ್ಟರುಗಳೇ. ಬಿಸಿನೆಸ್ ಅಕೌಂಟಿಗೆ ಸಿನಿಮಾ ಹಾಡು ಹಾಕುವಂತಿಲ್ಲ ಎಂದರೂ ಅದೇ ಹಾಡು ಬೇಕು. ಆಡಿಯೋ ಮ್ಯೂಟ್ ಆದರೆ ಬೈಗುಳ ನಮಗೆ. ಒಬ್ಬರು ನನಗೆ ಇನ್ನೂ 13,500 ಬಾಕಿ ಇಟ್ಟಿದ್ದಾರೆ. ಕೇಳಿದರೆ "ಬಾ, ಫ್ರೀಯಾಗಿ ಕತ್ತು ಸರಿ ಮಾಡುತ್ತೇನೆ" ಅನ್ನುತ್ತಾರೆ.

ಮೈಸೂರಿನವನು:
ಕೇಕಿನ ದುಡ್ಡಿನ ಬಗ್ಗೆ ಏನು ಹೇಳುತ್ತೀರಿ?

ವಿಡಿಯೋ ಎಡಿಟರ್:
ಕೇಕ್ ನೀವೂ ತಿಂದಿರುತ್ತೀರಲ್ವಾ?

ದಾವಣಗೆರೆ ಫಿಸಿಯೋ:
ಎಲ್ಲರಿಗೂ ಥ್ಯಾಂಕ್ಸ್. ಆದರೆ 22,000 ಕೊಡಬೇಕಾ ಬೇಡವಾ ಅಂತ ಇನ್ನೂ ಗೊತ್ತಾಗಲಿಲ್ಲ. ನಾಳೆ ಅಡ್ವಾನ್ಸ್ ಕೇಳುತ್ತಿದ್ದಾರೆ.

ಕಲಬುರಗಿಯಿಂದ:
ಮೈಸೂರು ಸರ್, ಆ ಡ್ರಾಪ್ ಟೇಬಲ್ ಕೊಡೋದಿದ್ದರೆ ಹೇಳ್ರಿ. 40,000 ಕೊಡ್ತೀನಿ. ಲಾರಿ ಬಾಡಿಗೆ ನಿಮ್ಮದೇ.