ನೆಲದಡಿ ಆಯಿಲ್ ಟ್ಯಾಂಕ್ ‘ತೆಗೆಸೋದು’: ಸರಿಯಾದ ಪದ ಬೇಕು, ಅರ್ಜೆಂಟ್

ಎಲ್ರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಲಿ, ಹಳೇ ಮನೆ, ಹಿತ್ತಿಲಲ್ಲಿ ಮನೆ ಬೆಚ್ಚಗಿಡೋ ಎಣ್ಣೆಯ 550 ಗ್ಯಾಲನ್ ಟ್ಯಾಂಕ್ ಹೂತಿದೆ, ಗ್ಯಾಸ್ ಹೀಟಿಂಗ್ ಬಂದ ಮೇಲೆ ಸುಮ್ನೆ ತುಕ್ಕು ಹಿಡೀತಿದೆ. ಗುರುವಾರ ಕಂಟ್ರಾಕ್ಟರ್ ಬರ್ತಾರೆ, ನಾವಿಬ್ರೂ ಆಫೀಸಲ್ಲಿ, ಮನೇಲಿರೋದು ಊರಿಂದ ಬಂದಿರೋ ಅತ್ತೆ ಮಾವ. ಅವರಿಗೆ ಕನ್ನಡದಲ್ಲಿ ಒಂದು ಹಾಳೆ ಬರೆದಿಡ್ಬೇಕು: ಉಳಿದ ಎಣ್ಣೆ, ತಳದ ಗಸಿ ಎಲ್ಲಾ ಪಂಪ್ ಮಾಡ್ತಾರೆ, ಟ್ಯಾಂಕ್ ಕೊರೆದು ಒಳಗೆ ಉಜ್ಜಿ ಮೇಲೆತ್ತುತಾರೆ, ಟೌನ್‌ಶಿಪ್ ಇನ್ಸ್‌ಪೆಕ್ಟರ್ ಗುಂಡಿ ನೋಡಿದ ಮೇಲೇ ಮಣ್ಣು ತುಂಬಬೇಕು. ಇನ್ನೊಂದು ದಾರಿನೂ ಇತ್ತು, ಟ್ಯಾಂಕ್ ಅಲ್ಲೇ ಬಿಟ್ಟು ಒಳಗೆ ಮರಳೋ ಫೋಮೋ ತುಂಬೋದು. ಅದಕ್ಕೆ ‘ಮುಚ್ಚಿಹಾಕೋದು’ ಅಂತ ಬರೆದ್ರೆ ಮಾವ ಗಾಬರಿಯಾಗಿ ಏನು ತಪ್ಪಾಯ್ತಮ್ಮ ಅಂದ್ರು. ‘ತೆರವು’ ಸರಿನಾ? ನಾಳೆಯೊಳಗೆ ಹೇಳಿ ಪ್ಲೀಸ್.

---

ಟ್ಯಾಂಕ್ ಯಾಕ್ರೀ? ನೆಲದೊಳಗೆ ಜೋಳ ತುಂಬಿಡೋ ಹಗೇವು ನಮ್ಮಲ್ಲೇ ಇದೆಯಲ್ಲ, ‘ಕಲ್ಲೆಣ್ಣೆ ಹಗೇವು’ ಅನ್ನಿ. ಬರೀ ಎಣ್ಣೆ ಅನ್ಬೇಡಿ, ಎಳ್ + ನೆಯ್, ಅದು ಎಳ್ಳಿನದ್ದು. ಗುತ್ತಿಗೆದಾರನೂ ಬೇಡ, ‘ದಾರ’ ಪಾರ್ಸಿ ಬಾಲ. ‘ಗುತ್ತಿಗ’ ಸಾಕು.

---

ಒಪ್ಪಲ್ಲ. ಹಗೇವು ಅಂದ್ರೆ ಗುಂಡಿ, ಅದರೊಳಗಿಂದ ಕಾಳು ತೆಗೀಬಹುದು, ಹಗೇವನ್ನೇ ಮೇಲೆತ್ತೋಕಾಗುತ್ತಾ? ಇಲ್ಲಿ ಎತ್ತುತಿರೋದು ಉಕ್ಕಿನ ಪಾತ್ರೆ. ಎಣ್ಣೆ ಎಳ್ಳಿಗೇ ಅಂಟಿಕೊಂಡಿದ್ರೆ ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಎಲ್ಲಾ ಬಿಡಬೇಕು, ನಿಮ್ಮ ಕಲ್ಲೆಣ್ಣೆಲೂ ಅದೇ ಎಳ್ಳಿದೆ. ಇನ್ನು ಟ್ಯಾಂಕ್, ಅದು ಇಂಗ್ಲಿಷಿಗೆ ಹೋಗಿದ್ದರಲ್ಲಿ ಗುಜರಾತಿ ಮರಾಠಿ ಪಾಲೂ ಇದೆ, ಪೋರ್ಚುಗೀಸಿಂದೂ ಇದೆ, ಬಿಜಾಪುರದ ಕಡೆ ನೀರಿನ ಟಾಕಿ ಅಂತಾರಲ್ಲ ಅದೇ ಬಳಗ. ಯಾರ ಮನೆಯಿಂದ ಯಾರು ತಂದ್ರು ಅಂತ ಲೆಕ್ಕ ಹಾಕ್ತೀರಿ?

ಕೇಳಿದವರಿಗೆ: ತೆರವು ಬೇಡ, ಒತ್ತುವರಿ ತೆರವು ನೆನಪಾಗುತ್ತೆ. ಮುಚ್ಚಿಹಾಕೋದು ಹಗರಣಕ್ಕೆ, ಮಾವ ಗಾಬರಿಯಾಗಿದ್ದು ಸರಿಯೇ. ‘ಟ್ಯಾಂಕ್ ಅಗೆದು ತೆಗೆಸ್ತಿದೀವಿ’ ಅನ್ನಿ. ‘ತೆಗೆಸು’ ಅಂದ್ಮೇಲೆ ಬೇರೆಯವರ ಕೈಲಿ ಮಾಡಿಸ್ತಿದೀರಿ ಅನ್ನೋದು ಬಂದೇಬಿಡ್ತು, ಗುತ್ತಿಗನೂ ಬೇಡ ಗುತ್ತಿಗೆದಾರನೂ ಬೇಡ. ಎರಡನೇ ದಾರಿಗೆ ‘ಮರಳು ತುಂಬಿಸಿ ಅಲ್ಲೇ ಬಿಡೋದು’. ಒಂದೇ ಪದ ಬೇಕು ಅಂತ ಹಟ ಯಾಕೆ.

---

ಇದು ಸೋಮಾರಿತನ. ಇವತ್ತು ಟ್ಯಾಂಕ್ ಬಿಟ್ಟುಕೊಟ್ರೆ ನಾಳೆ ಗುಂಡಿಗೂ ಪಿಟ್ ಅಂತೀರಿ. ಹಗೇವು ಅಂದ್ರೇನು ಅಂತ ಈಗಿನ ಮಕ್ಕಳಿಗೆ ಗೊತ್ತಾ? ಬಳಸದ ಪದ ಉಳಿಯಲ್ಲ.

---

ಉಳೀಬೇಕು ಅನ್ನೋ ಆಸೆ ನನಗೂ ಇದೆ ಸರ್, ನಮ್ಮಜ್ಜಿ ಮನೇಲಿ ಹಗೇವು ನೋಡಿದೀನಿ. ಆದ್ರೆ ಈ ಹಾಳೆ ಓದಿ ಮಾವ ಒಬ್ಬರೇ ಕೆಲಸದವರ ಜೊತೆ ವ್ಯವಹರಿಸಬೇಕು. ಹೀಗೆ ಬರೆದೆ: ‘ಮಾವ, ಹಿತ್ತಿಲಿನ ಹಳೇ ಎಣ್ಣೆ ಟ್ಯಾಂಕ್ ಅಗೆದು ತೆಗೆಸ್ತಿದೀವಿ. ಗುಂಡಿ ಹತ್ರ ಹೋಗ್ಬೇಡಿ. ಇನ್ಸ್‌ಪೆಕ್ಟರ್ ಬಂದು ನೋಡೋ ತನಕ ಮಣ್ಣು ಹಾಕೋಕೆ ಬಿಡ್ಬೇಡಿ, ಹಾಕೋಕೆ ಹೊರಟ್ರೆ ತಕ್ಷಣ ನನಗೆ ಫೋನ್ ಮಾಡಿ.’